ಗಾಡಿ ಓಡಿಸುವವರು ಹುಡುಗರು, ಚಲನ್ ಬರುವುದು ಧಣಿಗಳಿಗೆ

ಮುಂಬೈ ಮಾಟುಂಗದ ನಮ್ಮ ಹೋಟೆಲಿಗೆ ಒಂದು ಟೆಂಪೊ ಇದೆ. ಪಾರ್ಸೆಲ್ ಕೊಡಲು ಅಂತ ನಾಲ್ಕು ಸ್ಕೂಟರ್. ಎಲ್ಲದರ ಆರ್‌ಸಿ, ಅಂದರೆ ನೋಂದಣಿ ಪತ್ರ, ಧಣಿಗಳ ಹೆಸರಲ್ಲಿ. ಓಡಿಸುವವರು ಕುಂದಾಪುರ, ಕಾರ್ಕಳ ಕಡೆಯ ಹುಡುಗರು. ಟ್ರಾಫಿಕ್ ದಂಡದ ಚಲನ್ ಬಂದರೆ ಧಣಿಗಳ ಫೋನು ಟಿಣ್ ಅನ್ನುತ್ತದೆ, ಮರುಕ್ಷಣ ನನ್ನದು. ಮ್ಯಾನೇಜರ್ ಅಂದರೆ ಇದೂ ಸೇರಿಯೇ ಅಲ್ವಾ?

ಪೊಲೀಸರು ಈಗ ಡ್ರೈವರ್ ಬರಲಿ ಅಂತ ಕಾಯುವುದಿಲ್ಲ. ನಂಬರ್ ಪ್ಲೇಟಿನ ಫೋಟೊ ತೆಗೆದು ಹೊರಡುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಹಾಗಾಗಿ ನೋಟಿಸು ಅವರಿಗೇ. ಆದರೆ ಅದೇ ಕಾಯ್ದೆಯ 133ನೇ ಕಲಮು ಇನ್ನೊಂದು ಮಾತು ಹೇಳುತ್ತದೆ. ಅಧಿಕಾರವಿರುವ ಪೊಲೀಸರು ಕೇಳಿದರೆ, ಗಾಡಿ ಯಾರ ಕೈಯಲ್ಲಿತ್ತು, ಅವರ ವಿಳಾಸ, ಲೈಸೆನ್ಸ್ ಯಾವುದು ಅಂತ ಮಾಲೀಕರು ಹೇಳಬೇಕು. ಗೊತ್ತಿಲ್ಲದಿದ್ದರೆ ವಿಚಾರಿಸಿ ತಿಳಿಯುವ ಪ್ರಯತ್ನವನ್ನಾದರೂ ಮಾಡಬೇಕು. ‘ಯಾರೋ ಹುಡುಗ ತಗೊಂಡು ಹೋಗಿದ್ದ’ ಅಂದರೆ ನಡೆಯುವುದಿಲ್ಲ.

ಅದಕ್ಕೇ ಗಲ್ಲಾದ ಪಕ್ಕ ಒಂದು ಉದ್ದ ಪುಸ್ತಕ ಇಟ್ಟಿದ್ದೇನೆ. ಕೀಲಿ ತೆಗೆಯುವಾಗ ಗಾಡಿ ನಂಬರ್, ಹೆಸರು, ಹೊತ್ತು, ಸಹಿ. ವಾಪಸ್ ಬಂದಾಗ ಮತ್ತೆ ಹೊತ್ತು. ಮೊದಮೊದಲು ಹುಡುಗರು ಗೊಣಗಿದರು. “ಒಂದು ಪ್ಲೇಟ್ ಇಡ್ಲಿ ಕೊಟ್ಟು ಬರಲಿಕ್ಕೆ ಇಷ್ಟೆಲ್ಲಾ ಯಾಕೆ ಮಾರಾಯ್ರೆ?” ಈಗ ಅವರೇ ಬರೆಯುತ್ತಾರೆ, ಯಾಕೆಂದರೆ ಇನ್ನೊಬ್ಬನ ಚಲನ್ ತಮ್ಮ ತಲೆಗೆ ಬರುವುದಿಲ್ಲ ಅಂತ ಗೊತ್ತಾಗಿದೆ.

ದಂಡ ಯಾರು ಕಟ್ಟಬೇಕು ಅನ್ನುವುದು ನಮ್ಮೊಳಗಿನ ಲೆಕ್ಕ. ನೋ ಪಾರ್ಕಿಂಗ್‌ಗೆ ಇಲ್ಲಿ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕರೆ 1500. ದಾದರ್ ಮಾರ್ಕೆಟಿನಲ್ಲಿ ತರಕಾರಿ ಹೇರುವಾಗ ಟೆಂಪೊ ನಿಲ್ಲಿಸಲು ಜಾಗವೇ ಇಲ್ಲದಿದ್ದರೆ ಹೋಟೆಲೇ ಕಟ್ಟುತ್ತದೆ. ಹುಡುಗನ ಸಂಬಳಕ್ಕೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಸಮ ತಾರೀಖು, ಬೆಸ ತಾರೀಖು ಅಂತ ಬೋರ್ಡು ಇದ್ದರೂ ನೋಡದೆ ನಿಲ್ಲಿಸಿ ಚಹಾಕ್ಕೆ ಹೋದವನು ತನ್ನ ಜೇಬಿನಿಂದಲೇ ಕೊಡಬೇಕು.

ಚಲನ್ ಬಂದ ಕೂಡಲೇ ಹಣ ಕಟ್ಟುವ ಅಭ್ಯಾಸ ನನಗಿಲ್ಲ. ಈ-ಚಲನ್ ತಾಣದಲ್ಲಿ ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ನಾಲ್ಕು ಅಂಕಿ ಹಾಕಿ ಮೊದಲು ಫೋಟೊ ನೋಡುತ್ತೇನೆ. ಒಮ್ಮೆ ಘಾಟ್‌ಕೋಪರ್‌ನಿಂದ ಒಂದು ಚಲನ್ ಬಂತು. ಪುಸ್ತಕದಲ್ಲಿ ಆ ಹೊತ್ತಿಗೆ ಸ್ಕೂಟರ್ ಸಯಾನ್‌ನಲ್ಲಿತ್ತು. ಫೋಟೊ ದೊಡ್ಡದು ಮಾಡಿ ನೋಡಿದೆ. ಹಿಂದೆ ಪಾರ್ಸೆಲ್ ಪೆಟ್ಟಿಗೆ ಇಲ್ಲ, ಸೀಟಿನ ಬಣ್ಣ ಬೇರೆ, ನಂಬರಿನ ಕೊನೆಯ ಅಂಕಿ 3, ಕೆಸರು ಮೆತ್ತಿ 8ರಂತೆ ಕಾಣುತ್ತಿತ್ತು. ನಮ್ಮದು 8. ನಮ್ಮ ಸ್ಕೂಟರಿನ ಹಿಂಭಾಗದ ಫೋಟೊ, ಆರ್‌ಸಿ, ಪುಸ್ತಕದ ಆ ಪುಟ ಸೇರಿಸಿ ಅಲ್ಲೇ ದೂರು ಹಾಕಿದೆ. ಚಲನ್ ರದ್ದಾಯಿತು. ಸುಮ್ನೆ ಹಣ ಕಟ್ಟಿದ್ದರೆ ತಪ್ಪು ನಮ್ಮದೇ ಅಂತ ಒಪ್ಪಿಕೊಂಡಂತೆ.

ಜಾಸ್ತಿ ತಲೆನೋವು ಊರಿನ ಗಾಡಿಗಳದ್ದು. ಒಬ್ಬ ಹುಡುಗ ದೊಡ್ಡಪ್ಪನ ಹೆಸರಿನ ಕೆಎ-20 ಬೈಕನ್ನು ಮುಂಬೈಗೆ ತಂದಿದ್ದ. ಇಲ್ಲಿ ನಿಲ್ಲಿಸಿದ್ದಕ್ಕೆ ಮೆಸೇಜ್ ಹೋದದ್ದು ಕಾಪುವಿನ ಮನೆಯಲ್ಲಿ ಕೂತ ದೊಡ್ಡಪ್ಪನಿಗೆ. “ನಾನು ಬೊಂಬಾಯಿ ನೋಡಿ ಇಪ್ಪತ್ತು ವರ್ಷ ಆಯ್ತಲ್ಲ ಮಾರಾಯ” ಅಂತ ಅವರು ನನಗೇ ಫೋನ್ ಮಾಡಿದರು. ಬೈಕ್ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇರುವುದಾದರೆ ಮಹಾರಾಷ್ಟ್ರದ ನಂಬರ್ ಮಾಡಿಸಲೇಬೇಕು. ಅದರ ಜೊತೆ ಹೆಸರೂ ಬದಲಿಸಿಕೋ ಅಂದೆ ಆ ಹುಡುಗನಿಗೆ.

ಗಾಡಿ ಮಾರಿದಾಗಲೂ ಇದೇ ಕಥೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಹಾಕಬೇಕು. ಆರ್‌ಸಿ ಬದಲಾಗದೆ ಕೈಯಿಂದ ಕೈಗೆ ದಾಟಿದ ಒಂದು ಕಾರಿನ ಅಪಘಾತದ ಕೇಸಿನಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಪರಿಹಾರದ ಹೊಣೆಯನ್ನು ದಾಖಲೆಯಲ್ಲಿದ್ದ ಮೊದಲ ಮಾಲೀಕನ ಮೇಲೇ ಹೊರಿಸಿತು. ಪಾರ್ಕಿಂಗ್ ದಂಡ ಅದರ ಮುಂದೆ ಏನೂ ಅಲ್ಲ. ಹಳೇ ಟೆಂಪೊ ಮಾರುವಾಗ ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿ, ಕೊಂಡವರ ಆಧಾರ್ ಪ್ರತಿ, ಗಾಡಿ ಒಪ್ಪಿಸಿದ ತಾರೀಖು-ಹೊತ್ತಿನ ಚೀಟಿ ತೆಗೆದುಕೊಂಡೆವು. ಮೇಲೆ ಸ್ವಲ್ಪ ಹಣ ಡಿಪಾಸಿಟ್. ಅವರ ಹೆಸರಿನ ಹೊಸ ಆರ್‌ಸಿ ತೋರಿಸಿದ ದಿನ ಅದನ್ನು ವಾಪಸ್ ಕೊಟ್ಟೆವು.