ಆಪರೇಷನ್ ಆದ್ಮೇಲೆ ಲಿವರ್ ಹೇಗೆ ಬೆಳೆಯುತ್ತೆ? ಸಿಗ್ನಲ್‌ಗಳನ್ನ ಗಡಿಯಾರ ಇಟ್ಕೊಂಡು ಓದಿ

ಲಿವರ್ ರೀಜನರೇಷನ್, ಅಂದ್ರೆ ಲಿವರ್ ಮತ್ತೆ ಬೆಳೆಯೋದನ್ನ ಓದೋಕೆ ಕೂತವರು ಎಚ್‌ಜಿಎಫ್, ಇಜಿಎಫ್, ಟಿಎನ್‌ಎಫ್, ಐಎಲ್-6 ಅಂತ ಸಿಗ್ನಲ್ ಪ್ರೋಟೀನ್‌ಗಳ ಹೆಸರು ಬರ್ಕೊಂಡು ಬಾಯಿಪಾಠ ಮಾಡ್ತಾರೆ, ಅದು ಎರಡೇ ದಿನಕ್ಕೆ ಮರೆತುಹೋಗುತ್ತೆ. ಅದರ ಬದಲು ಒಂದು ಹಾಳೆ ತಗೊಂಡು ಸಮಯ ತೋರಿಸೋ ಅಡ್ಡಗೆರೆ ಎಳೀರಿ, ಮೇಲೆ ಯಾರು ಸಿಗ್ನಲ್ ಕಳಿಸ್ತಿದ್ದಾರೆ, ಕೆಳಗೆ ಲಿವರ್ ಕೋಶ ಏನು ಮಾಡ್ತಿದೆ ಅಂತ ಬರೀತಾ ಹೋಗಿ.

ಶುರು ಮಾಡೋ ಮುಂಚೆ ಒಂದು ಮಾತು, ಕತ್ತರಿಸಿದ ಭಾಗ ಅದೇ ಜಾಗದಲ್ಲಿ ಮತ್ತೆ ಚಿಗುರಲ್ಲ, ಉಳಿದ ಭಾಗಾನೇ ದೊಡ್ಡದಾಗುತ್ತೆ. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಇಲಿಗಳಲ್ಲಿ ಮೂರರಲ್ಲಿ ಎರಡು ಭಾಗ ಲಿವರ್ ತೆಗೆಯೋ ವಿಧಾನ ವಿವರಿಸಿದ್ರು, ಇವತ್ತಿಗೂ ಅದೇ ಮಾದರಿ. ಇಲೀಲಿ ವಾರ, ಹತ್ತು ದಿನದಲ್ಲಿ ತೂಕ ಹೆಚ್ಚುಕಮ್ಮಿ ವಾಪಸ್ ಬರುತ್ತೆ, ಮನುಷ್ಯರಲ್ಲಿ ವಾರಗಳು, ತಿಂಗಳುಗಳೇ ಬೇಕು.

ಈಗ ಗೆರೆಯ ಸೊನ್ನೆ, ಅಂದ್ರೆ ಲಿವರ್ ಕತ್ತರಿಸಿದ ಕ್ಷಣದ ಹತ್ರ ಬನ್ನಿ, ಇಲ್ಲಿ ನಿಧಾನಕ್ಕೆ ಓದಿ. ಕರುಳಿಂದ ಪೋರ್ಟಲ್ ವೇನ್‌ನಲ್ಲಿ ಬರೋ ರಕ್ತ ಕಮ್ಮಿ ಆಗಿರಲ್ಲ, ಆದ್ರೆ ಹರಿಯೋಕೆ ಉಳಿದಿರೋದು ಮೂರನೇ ಒಂದು ಭಾಗ, ಹಾಗಾಗಿ ಒಂದೊಂದು ಗ್ರಾಂ ಲಿವರ್ ಮೇಲೂ ಸುಮಾರು ಮೂರು ಪಟ್ಟು ರಕ್ತ ನುಗ್ಗುತ್ತೆ. ಐದೇ ನಿಮಿಷದಲ್ಲಿ ಯುರೋಕೈನೇಸ್ ಅನ್ನೋ, ಪ್ರೋಟೀನ್ ಕತ್ತರಿಸೋ ಕಿಣ್ವ ಚುರುಕಾಗುತ್ತೆ. ಕೋಶಗಳ ಸುತ್ತಲಿನ ಜಾಲರಿಯಲ್ಲಿ ಎಚ್‌ಜಿಎಫ್ ಮೊದಲೇ ಸಂಗ್ರಹ ಆಗಿರುತ್ತೆ, ಆದ್ರೆ ಒಂದೇ ಎಳೆಯಾಗಿ, ನಿಷ್ಕ್ರಿಯವಾಗಿ. ಯುರೋಕೈನೇಸ್‌ನಿಂದ ಆ ಎಳೆ ಎರಡಾಗಿ ತುಂಡಾದಾಗ ಮಾತ್ರ ಎಚ್‌ಜಿಎಫ್ ಕೋಶದ ಮೇಲಿರೋ ಮೆಟ್ ಅನ್ನೋ ರಿಸೆಪ್ಟರ್‌ನ (ಸಿಗ್ನಲ್ ಹಿಡಿಯೋ ಪ್ರೋಟೀನ್‌ನ) ಚಾಲೂ ಮಾಡುತ್ತೆ. ಹೊಸದಾಗಿ ತಯಾರಾಗೋವರೆಗೂ ಕಾಯೋದೇ ಬೇಡ, ನನಗಂತೂ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗೋದು ಇದೇ.

ಮೊದಲ ಕೆಲವು ಗಂಟೆಗಳಲ್ಲಿ ಕುಪ್ಫರ್ ಕೋಶಗಳು (ಲಿವರ್‌ನಲ್ಲೇ ಇರೋ ರೋಗನಿರೋಧಕ ಕೋಶಗಳು) ಟಿಎನ್‌ಎಫ್, ಐಎಲ್-6 ಬಿಡುಗಡೆ ಮಾಡ್ತವೆ, ಲಿವರ್ ಕೋಶದೊಳಗೆ ಜೀನ್‌ಗಳನ್ನ ಚಾಲೂ ಮಾಡೋ ಸ್ಟಾಟ್-3 ಪ್ರೋಟೀನ್ ಎಚ್ಚರ ಆಗುತ್ತೆ. ಇವು ಕೋಶನ ಎಬ್ಬಿಸ್ತವೆ ಅಷ್ಟೇ, ವಿಭಜನೆ ಪೂರ್ತಿ ಮಾಡಿಸೋಕೆ ಎಚ್‌ಜಿಎಫ್, ಇಜಿಎಫ್ ಬೇಕೇ ಬೇಕು, ಜೊತೆಗೆ ಇನ್ಸುಲಿನ್, ನಾರ್‌ಎಪಿನೆಫ್ರಿನ್, ಬೈಲ್ ಆಸಿಡ್ ಸಹಾಯಕ್ಕೆ. ಇಲೀಲಿ ಡಿಎನ್‌ಎ ತಯಾರಿ 24 ಗಂಟೆ ಸುಮಾರಿಗೆ ತುತ್ತತುದಿ ಮುಟ್ಟುತ್ತೆ. ಅಷ್ಟು ಹೊತ್ತೂ ಅದೇ ಕೋಶಗಳು ಸಕ್ಕರೆ ನೋಡ್ಕೊಳ್ಳೋದು, ಪ್ರೋಟೀನ್ ಮಾಡೋದು ನಿಲ್ಲಿಸಿರಲ್ಲ!

ಇದೆಲ್ಲ ನಿಜಕ್ಕೂ ರಕ್ತದಲ್ಲೇ ಓಡಾಡುತ್ತಾ ಅಂತ ಅನುಮಾನ ಬಂದ್ರೆ 1967ರ ಮೂಲ್ಟನ್ ಮತ್ತು ಬುಷರ್ ಪ್ರಯೋಗ ನೋಡಿ. ಎರಡು ಇಲಿಗಳ ರಕ್ತಸಂಚಾರ ಜೋಡಿಸಿದ್ರು, ಒಂದರ ಲಿವರ್ ಕತ್ತರಿಸಿದ್ರೆ ಮುಟ್ಟದೇ ಇದ್ದ ಇನ್ನೊಂದರ ಲಿವರ್‌ನಲ್ಲೂ ಡಿಎನ್‌ಎ ತಯಾರಿ ಜಾಸ್ತಿ ಆಯ್ತು.

ಗೆರೆಯ ಕೊನೇಲಿ ಬ್ರೇಕ್ ಬರೀರಿ, ತುಂಬಾ ಜನ ಇದನ್ನೇ ಬಿಟ್ಬಿಡ್ತಾರೆ. ಟಿಜಿಎಫ್-ಬೀಟಾ ಅನ್ನೋ ಸಿಗ್ನಲ್ ಪ್ರೋಟೀನ್ ವಿಭಜನೆ ತಡೆಯುತ್ತೆ, ಆದ್ರೆ ಅದು ಕೊನೇಲಿ ಮಾತ್ರ ಬರೋದು ಅಂದ್ಕೋಬೇಡಿ, ಶುರುವಲ್ಲೇ ಏರುತ್ತೆ, ಆಗ ಕೋಶಗಳು ಅದಕ್ಕೆ ಅಷ್ಟಾಗಿ ಕಿವಿ ಕೊಡಲ್ಲ. ಜಾಲರಿ ಮತ್ತೆ ಕಟ್ಕೊಳ್ಳೋದೂ ನಿಲ್ಲಿಸೋಕೆ ಮುಖ್ಯ. ಜಾಲರಿಯ ಸುದ್ದಿ ಕೋಶಕ್ಕೆ ಮುಟ್ಟಿಸೋ ಇಂಟಿಗ್ರಿನ್-ಲಿಂಕ್ಡ್ ಕೈನೇಸ್‌ನ ಲಿವರ್ ಕೋಶಗಳಿಂದ ತೆಗೆದುಹಾಕಿದ ಸಣ್ಣಿಲಿಗಳಲ್ಲಿ, ಆಪರೇಷನ್ ನಂತರ ಲಿವರ್ ಮೊದಲಿಗಿಂತ ದೊಡ್ಡದಾಗೇ ಬೆಳೀತು.

ಕೊನೇದಾಗಿ ಹಾಳೆ ಸರಿ ಇದೆಯಾ ಪರೀಕ್ಷೆ ಮಾಡ್ಕೊಳ್ಳಿ. ದೊಡ್ಡ ಆಪರೇಷನ್‌ಗೆ ಕೆಲವು ವಾರ ಮುಂಚೆ ಸರ್ಜನ್‌ಗಳು ಕೆಲವರಿಗೆ, ತೆಗೆಯಬೇಕಾದ ಕಡೆಯ ಪೋರ್ಟಲ್ ಕವಲು ಮುಚ್ಚಿಸ್ತಾರೆ, ಇನ್ನೊಂದು ಕಡೆ ಚಾಕು ತಾಗದೇನೇ ಬೆಳೆಯುತ್ತೆ. ಯಾಕೆ ಅಂತ ನಿಮ್ಮ ಗೆರೆಯ ಮೊದಲ ಐದು ನಿಮಿಷ ನೋಡ್ಕೊಂಡು ಹೇಳೋಕೆ ಪ್ರಯತ್ನ ಮಾಡಿ.