ನಿಷೇಧಿತ ವಲಯದ ಮಾಳಿಗೆ ಮನೆಗೆ ದುರಸ್ತಿ ಅನುಮತಿ: ನನ್ನ ಅನುಭವ

ಐಹೊಳೆಯಲ್ಲಿ ಗುಡಿಗೂ ಮನೆಗೂ ಒಂದೇ ಓಣಿ. ಲಾಡ್ ಖಾನ್ ಎಂಬವನು ವಾಸವಿದ್ದ ಕಾರಣಕ್ಕೇ ಒಂದು ಗುಡಿಗೆ ಅವನ ಹೆಸರು ನಿಂತಿದೆ. ಅಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗಿನ ನಿಷೇಧಿತ ವಲಯದಲ್ಲಿದ್ದ ನಮ್ಮ ಸೋದರಮಾವನ ಮಾಳಿಗೆ ಮನೆಯನ್ನು (ಜಂತಿಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಚಾವಣಿಯ ಮನೆ) ಅನುಮತಿ ಪಡೆದೇ ದುರಸ್ತಿ ಮಾಡುತ್ತೇನೆಂದಾಗ ಜೊತೆಯ ಗುತ್ತಿಗೆದಾರರು ನಕ್ಕರು.

ಮೊದಲ ಸಲ ಅವರು ನಕ್ಕದ್ದೇ ಸರಿಯಾಯಿತು. ಅರ್ಜಿಯಲ್ಲಿ ದುರಸ್ತಿ ಎಂದು ಬರೆದು, ನಕ್ಷೆಯಲ್ಲಿ ಆರ್‌ಸಿಸಿ ಸ್ಲ್ಯಾಬ್ ತೋರಿಸಿ, ಎತ್ತರವನ್ನೂ ಎರಡು ಅಡಿ ಏರಿಸಿದ್ದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ದುರಸ್ತಿಯಲ್ಲಿ ಪುನರ್ನಿರ್ಮಾಣ ಸೇರುವುದಿಲ್ಲವಾದ್ದರಿಂದ ಅರ್ಜಿ ತಿರಸ್ಕೃತವಾಯಿತು. ನಕ್ಷೆ ಮತ್ತು ಓಡಾಟಕ್ಕೆ ಹನ್ನೆರಡು ಸಾವಿರದಷ್ಟು ಹೋಯಿತು. ಅಷ್ಟರಲ್ಲಿ ಮಳೆಗಾಲ ಬಂದು ಒಂದು ಅಂಕಣದ (ಕಂಬಗಳ ನಡುವಿನ ಭಾಗದ) ಜಂತಿಗಳು ಕುಸಿದವು.

ಎರಡನೆಯ ಅರ್ಜಿಗೆ ಮೊದಲು, ಮನೆಯು ಕಾಯ್ದೆ ಹೆಸರಿಸುವ ದಿನವಾದ 1992ರ ಜೂನ್ 16ಕ್ಕಿಂತ ಹಿಂದಿನದೆಂದು ತೋರಿಸಲು ಹಳೆಯ ಮನೆಪಟ್ಟಿಯ ಪಾವತಿಗಳನ್ನು ಹುಡುಕಿಸಿದೆ. ಅವುಗಳೊಡನೆ ಮಾವನ ಮದುವೆಯ ಫೋಟೋವನ್ನೂ ಲಗತ್ತಿಸಿದೆ: ಹಿಂದೆ ಅದೇ ಪಡಸಾಲೆ, ಅದೇ ಕೆತ್ತನೆಯ ಕಂಬ. ಪ್ರತಿ ತೊಲೆ, ಜಂತಿ, ಕಲ್ಲಿಗೆ ಸುಣ್ಣದಿಂದ ಅಂಕಿ ಬರೆದು, ಯಾವುದು ಉಳಿಯುತ್ತದೆ, ಯಾವುದು ಬದಲಾಗುತ್ತದೆ ಎಂಬುದನ್ನು ಚಿತ್ರಸಹಿತ ವಿವರಿಸಿದೆ. ಎತ್ತರವನ್ನು ಒಂದು ಅಂಗುಲವೂ ಮುಟ್ಟಲಿಲ್ಲ. ಸುಮಾರು ಐದು ತಿಂಗಳಿಗೆ ಅನುಮತಿ ಕೈಸೇರಿತು. ಆ ವಿವರಣೆಯ ಪಟ್ಟಿಯನ್ನು ಯಾವ ಕ್ರಮದಲ್ಲಿ ಜೋಡಿಸಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಅರವತ್ತರಷ್ಟು ಜಂತಿಗಳಲ್ಲಿ ಇಪ್ಪತ್ತೆರಡನ್ನು ಬದಲಿಸಿದೆವು. ಬೇಸಿಗೆಯಲ್ಲಿ ಬಳಿದ ಮೊದಲ ಸುಣ್ಣದ ಗಾರೆ ವಾರದೊಳಗೆ ಬಿರಿಯಿತು. ಅದನ್ನು ಕೆತ್ತಿಸಿ, ಬೆಲ್ಲದ ನೀರು ಮತ್ತು ಅಳಲೆಕಾಯಿಯ ನೀರು ಬೆರೆಸಿ ಮತ್ತೆ ಬಳಿಸಿ, ಹದಿನೈದು ದಿನ ಒದ್ದೆ ಗೋಣಿಚೀಲ ಹೊದಿಸಿದ ಮೇಲೆ ನಿಂತಿತು. ಅಳಲೆಕಾಯಿಯನ್ನು ಎಷ್ಟು ದಿನ ನೆನೆಸಬೇಕೆಂಬುದು ನಮ್ಮ ಗೌಂಡಿಯ ಗುಟ್ಟು. ಕುತೂಹಲಕ್ಕೆಂದು ಹಿತ್ತಿಲ ದನದ ಕೊಟ್ಟಿಗೆಯ ಗೋಡೆಗೆ ಸುಣ್ಣದಲ್ಲಿ ಕಾಲುಭಾಗ ಸಿಮೆಂಟು ಬೆರೆಸಿ ಬಳಿಸಿದ್ದೆ. ಒಂದೇ ಮಳೆಗಾಲಕ್ಕೆ ಅದು ಮರಳುಗಲ್ಲಿನ ಮೈಯನ್ನೂ ಕಿತ್ತುಕೊಂಡು ಉದುರಿತು. ಹುಡುಗಾಟದ ಬೆಲೆ ನಾಲ್ಕು ಸಾವಿರ.

ಒಟ್ಟು ಖರ್ಚು ಮೂರೂವರೆ ಲಕ್ಷದ ಆಸುಪಾಸು. ಸ್ಲ್ಯಾಬಿನ ಅಂದಾಜು ಐದು ಲಕ್ಷ ದಾಟಿತ್ತು. ಈ ವರ್ಷದ ಮಳೆಗೆ ಮಾಳಿಗೆಯ ಈಶಾನ್ಯ ಮೂಲೆ ಸ್ವಲ್ಪ ಸೋರಿತು. ಎರಡು ಬುಟ್ಟಿ ಸವುಳು (ಉಪ್ಪಿನಂಶದ) ಮಣ್ಣು ಹಾಕಿ ತುಳಿಸಿದೆವು. ಮರುದಿನದ ಮಳೆಗೆ ಹನಿ ಬೀಳಲಿಲ್ಲ.