ರೇಂಜ್ ಇಲ್ಲದ ತೋಟದಲ್ಲಿ ಜಿಪಿಎಸ್: ಸುರಂಗ ಗುರುತಿಸುವಾಗ ಕಲಿತದ್ದು

ಕಾಸರಗೋಡಿನ ಎಣ್ಮಕಜೆ, ಬಾಯಾರು, ಪೆರ್ಲದ ಕಡೆ ನೀರಿಗಾಗಿ ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಕೊರೆದ ಸುರಂಗಗಳು ಬೇಕಾದಷ್ಟಿವೆ. ಬಳಕೆ ತಪ್ಪಿದವುಗಳ ಬಾಯಿಗೆ ಪೊದೆ ಬೆಳೆದಿದೆ. ಜಾಗ ಗೊತ್ತಿರುವ ಹಿರಿಯರು ಇರುವಾಗಲೇ ನಕ್ಷೆಯಲ್ಲಿ ಗುರುತು ಹಾಕಿಡಬೇಕೆಂದು ನಾನು ಓಡಾಡುತ್ತಿದ್ದೇನೆ. ಕೈಯಲ್ಲಿರುವುದು ಮಾಮೂಲಿ ಆಂಡ್ರಾಯ್ಡ್ ಫೋನ್.

ಸುರಂಗ ಇರುವಲ್ಲಿ ರೇಂಜ್ ಇರುವುದು ಅಪರೂಪ. ಸುತ್ತ ಗುಡ್ಡ, ತಲೆ ಮೇಲೆ ಅಡಿಕೆ ಸೋಗೆ. "ನೆಟ್ ಇಲ್ಲದೆ ಜಿಪಿಎಸ್ ಹೇಗೆ ಬರ್ತದೆ?" ಅಂತ ತೋಟದವರು ಕೇಳುತ್ತಾರೆ. ಜಿಪಿಎಸ್‌ಗೆ ನೆಟ್ ಬೇಕೇ ಬೇಕು ಅಂತೇನಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಲ್ಲಿ ನಾಲ್ಕರ ಸಿಗ್ನಲ್ ಸಿಕ್ಕಿದರೆ ಫೋನೇ ಲೆಕ್ಕ ಹಾಕುತ್ತದೆ. ಮೂರು ಸಾಲದು, ಯಾಕೆಂದರೆ ಫೋನಿನ ಗಡಿಯಾರ ಅಷ್ಟು ನಿಖರವಲ್ಲ. ಅದರ ತಪ್ಪನ್ನೂ ಲೆಕ್ಕದಲ್ಲೇ ಕಂಡುಹಿಡಿಯಬೇಕು.

ಕಷ್ಟ ಇರುವುದು ಶುರುವಿನಲ್ಲಿ. ಪ್ರತಿ ಉಪಗ್ರಹವೂ ತಾನು ಯಾವ ಹೊತ್ತಿಗೆ ಎಲ್ಲಿರುತ್ತೇನೆ ಅನ್ನುವ ವಿವರವನ್ನು ತಾನೇ ಕಳಿಸುತ್ತಿರುತ್ತದೆ. ಇದೇ ಎಫೆಮೆರಿಸ್. ಆದರೆ ಕಳಿಸುವ ವೇಗ ಸೆಕೆಂಡಿಗೆ ಬರೀ 50 ಬಿಟ್. 1500 ಬಿಟ್‌ಗಳ ಒಂದು ಸುತ್ತಿಗೆ 30 ಸೆಕೆಂಡ್ ಬೇಕು. ಅದರಲ್ಲಿ ಎಫೆಮೆರಿಸ್‌ನ ಪಾಲೇ 18 ಸೆಕೆಂಡ್. ಬಯಲಿನಲ್ಲಿ ನಿಂತರೆ ತೊಂದರೆ ಇಲ್ಲ. ತೋಟದಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸೋಗೆ ಅಡ್ಡ ಬಂದು ಸಿಗ್ನಲ್ ಕಡಿಯುತ್ತದೆ. ಉಕ್ತಲೇಖನದಲ್ಲಿ ಒಂದು ಸಾಲು ತಪ್ಪಿದ ಹಾಗೆ, ಆ ಭಾಗ ಮುಂದಿನ ಸುತ್ತಿನಲ್ಲಿ ಬರುವ ತನಕ ಕಾಯಬೇಕು. ಅದೂ ತಪ್ಪಿದರೆ ಮತ್ತೆ ಕಾಯಬೇಕು. ಫೋನ್ ಹಿಡಿದು ಸುಮ್ನೆ ನಿಂತಿರುವುದೇ ಕೆಲಸವಾಗುತ್ತದೆ.

ನೆಟ್‌ವರ್ಕ್ ಸಹಾಯ ಮಾಡುವುದು ಇಲ್ಲೇ. ಎಫೆಮೆರಿಸ್, ಸರಿಯಾದ ಸಮಯ, ಟವರ್‌ನಿಂದ ಸಿಕ್ಕ ಅಂದಾಜು ಜಾಗ, ಈ ಮೂರನ್ನೂ ಸರ್ವರ್ ಕ್ಷಣದಲ್ಲಿ ಕೊಟ್ಟುಬಿಡುತ್ತದೆ. ಯಾವ ಉಪಗ್ರಹ ಮೇಲಿದೆ, ಯಾವ ಆವರ್ತನದ ಸುತ್ತಮುತ್ತ ಹುಡುಕಬೇಕು ಅಂತ ಫೋನ್‌ಗೆ ಮೊದಲೇ ಗೊತ್ತಾಗುತ್ತದೆ. ದೂರ ಅಳೆಯುವ ಕೆಲಸ ಮಾತ್ರ ಉಪಗ್ರಹದ ಸಿಗ್ನಲ್‌ನಿಂದಲೇ ಆಗಬೇಕು. ಆದರೆ ಬಿಟ್‌ಗಳನ್ನು ಓದಲಾಗದಷ್ಟು ಕ್ಷೀಣ ಸಿಗ್ನಲ್‌ನಲ್ಲೂ ಅಳತೆ ಮಾಡಬಹುದು. ತೋಟದ ಕೆಲಸಕ್ಕೆ ಇದು ದೊಡ್ಡ ಉಪಕಾರ.

ಹಾಗಾಗಿ ನಾನು ಗುಡ್ಡದ ಮೇಲಿನ ರಸ್ತೆಯಲ್ಲಿ, ರೇಂಜ್ ಇರುವಲ್ಲೇ ನಿಂತು ಜಿಪಿಎಸ್‌ಟೆಸ್ಟ್ ಆ್ಯಪ್ ತೆರೆಯುತ್ತೇನೆ. ಡೇಟಾ ಆನ್ ಮಾಡಿ, ಸಹಾಯದ ಮಾಹಿತಿ ತುಂಬಿಸುವ ಆಯ್ಕೆ ಒತ್ತುತ್ತೇನೆ. ಜಾಗ ಸಿಕ್ಕಿ, ನಕ್ಷೆಯಲ್ಲಿ ಎಷ್ಟು ತಪ್ಪಿರಬಹುದೆಂದು ತೋರಿಸುವ ನೀಲಿ ವೃತ್ತ ಚಿಕ್ಕದಾದ ಮೇಲೆ ಇಳಿಯುತ್ತೇನೆ. ಎಫೆಮೆರಿಸ್ ಸುಮಾರು ನಾಲ್ಕು ಗಂಟೆ ಬಾಳುತ್ತದೆ. ಅಷ್ಟರಲ್ಲಿ ಹೊಸ ಉಪಗ್ರಹಗಳೂ ಮೂಡಿರುತ್ತವೆ, ಆದ್ದರಿಂದ ಊಟದ ಹೊತ್ತಿಗೆ ಮೇಲೆ ಬಂದಾಗ ಇನ್ನೊಮ್ಮೆ ತುಂಬಿಸಿಕೊಳ್ಳುತ್ತೇನೆ. ಸಹಾಯದ ಮಾಹಿತಿ ಅಳಿಸುವ ಆಯ್ಕೆಯೂ ಅದೇ ಆ್ಯಪ್‌ನಲ್ಲಿದೆ. ಜಿಪಿಎಸ್ ನಿಧಾನವಾದಾಗ ಅದನ್ನು ಒತ್ತಿ ಅಂತ ಜನ ಹೇಳುತ್ತಾರೆ. ರೇಂಜ್ ಇಲ್ಲದ ಕಡೆ ಖಂಡಿತ ಒತ್ತಬೇಡಿ. ಮೇಲಿನಿಂದ ತಂದದ್ದೆಲ್ಲ ಹೋಗುತ್ತದೆ.

ಗಡಿಯ ಹತ್ತಿರ ಇನ್ನೊಂದು ಎಚ್ಚರ ಬೇಕು. ಫೋನ್ ಕೆಲವೊಮ್ಮೆ ಕರ್ನಾಟಕದ ಟವರ್ ಹಿಡಿಯುತ್ತದೆ. ಉಪಗ್ರಹ ಸಿಗುವ ಮೊದಲು ಕಾಣುವ ದೊಡ್ಡ ನೀಲಿ ವೃತ್ತ ಟವರ್‌ನ ಅಂದಾಜು ಅಷ್ಟೇ, ಅದರ ನಡುವಿನ ಚುಕ್ಕಿ ಗಡಿಯಾಚೆಯೂ ಇರಬಹುದು. ಆ ಚುಕ್ಕಿಯನ್ನು ನಾನು ಬರೆದುಕೊಳ್ಳುವುದಿಲ್ಲ. ಸುರಂಗದ ಬಾಯಿಯಿಂದ ಸ್ವಲ್ಪ ಈಚೆ, ಆಕಾಶ ಕಾಣುವಲ್ಲಿ ಕೆಲವು ನಿಮಿಷ ನಿಂತು, ನಿಖರತೆ ಎಷ್ಟು ಮೀಟರ್ ಅಂತ ಆ್ಯಪ್ ತೋರಿಸಿದ್ದನ್ನೂ ಪಕ್ಕದಲ್ಲೇ ಬರೆಯುತ್ತೇನೆ. ಅಲ್ಲಿಂದ ಬಾಯಿಗೆ, ಬಾಯಿಂದ ಒಳಕ್ಕೆ ಟೇಪು ಮತ್ತು ದಿಕ್ಸೂಚಿ. ಕಲ್ಲಿನೊಳಗೆ ಉಪಗ್ರಹದ ಸಿಗ್ನಲ್ಲೇ ಬಾರದ ಮೇಲೆ ಸರ್ವರ್ ಎಷ್ಟು ಮಾಹಿತಿ ಕೊಟ್ಟರೂ ಅಳೆಯಲು ಏನೂ ಇರುವುದಿಲ್ಲ.